ಕೋರ್ಟಿನ ಕಾಗದ ಜಂತೆಗೆ ಸಿಕ್ಕಿಸಬೇಡಿ

ನನ್ನದು ನಾಲ್ಕು ಎಕರೆ ಖುಷ್ಕಿ ಹೊಲ. ಓದಿದ್ದು ಏಳನೇ ಕ್ಲಾಸು. ಪಕ್ಕದ ಹೊಲದವರಿಗೂ ನನಗೂ ಬದುವಿನ ತಕರಾರು. ವರ್ಷಕ್ಕೊಂದು ಸಾಲು ಉತ್ತು ಬದು ತಿಂದರು ಅಂತ ನಾನು, ನೀನೇ ತಿಂದೆ ಅಂತ ಅವರು. ಒಂದು ಮುಂಗಾರಿನಲ್ಲಿ ಕೋರ್ಟಿನ ಅಮೀನ ಸಮನ್ಸ್ ತಂದುಕೊಟ್ಟ. ಶೇಂಗಾ ಬಿತ್ತುವ ಹದ. ಆಮೇಲೆ ನೋಡಿದರಾಯ್ತು ಅಂತ ಜಂತೆಗೆ ಸಿಕ್ಕಿಸಿದೆ. ಎಡೆಕುಂಟೆ ಹೊಡೆಯುವಾಗ ನೆನಪಾಗಿ ಓಡಿದರೆ, ನನ್ನನ್ನು ಗೈರುಹಾಜರು ಅಂತ ಬರೆದು ಕೇಸು ಮುಂದೆ ಹೋಗಿತ್ತು. ಪುಣ್ಯಕ್ಕೆ ತೀರ್ಪು ಆಗಿರಲಿಲ್ಲ. ವಕೀಲರು ಅರ್ಜಿ ಹಾಕಿದರು, ದಂಡ ಕಟ್ಟಿದೆ, ನನ್ನ ಮಾತು ಹೇಳಲು ಅವಕಾಶ ಸಿಕ್ಕಿತು. ಹಾಗೆ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವ ಬಾಗಿಲು?

ನಾವು ಮೊದಲು ಓಡುವುದೇ ಪೊಲೀಸ್ ಠಾಣೆಗೆ. ನಾನೂ ಓಡಿದ್ದೆ. 'ಇದು ಸಿವಿಲ್ಲು' ಅಂತ ವಾಪಸು ಕಳಿಸಿದರು. ಸಿಟ್ಟು ಬಂದಿತ್ತು, ಆದರೆ ಅವರು ಹೇಳಿದ್ದು ಸರಿ. ಹೊಡೆದರೆ, ಬೆದರಿಸಿದರೆ, ಬೆಳೆ ಕೊಯ್ದುಕೊಂಡು ಹೋದರೆ ಅದು ಕ್ರಿಮಿನಲ್. ಅದಕ್ಕೆ ಪೊಲೀಸರು, ಕೋರ್ಟಿನಲ್ಲಿ ವಾದಿಸಲು ಸರ್ಕಾರಿ ವಕೀಲರು. ಸಂಶಯಕ್ಕೆ ಎಡೆ ಇಲ್ಲದಂತೆ ತಪ್ಪು ರುಜುವಾತಾಗಬೇಕು.

ಜಮೀನು ಯಾರದು, ಎಲ್ಲಿಯವರೆಗೆ ಅನ್ನುವುದು ಸಿವಿಲ್. ಇಲ್ಲಿ ದಾವೆ ಹಾಕುವವರು ನಾವೇ, ಸಾಕ್ಷಿ ತರುವವರೂ ನಾವೇ. ಯಾರ ಸಾಕ್ಷಿ ತೂಕ ಜಾಸ್ತಿಯೋ ಅವರ ಕಡೆ ತೀರ್ಪು.

ಮೂರನೆಯದು ಕಂದಾಯದ ಬಾಗಿಲು. ಖಾತೆ, ಪಹಣಿ ತಪ್ಪಿದ್ದರೆ ತಹಶೀಲ್ದಾರರು, ಅವರ ಮೇಲೆ ಎ.ಸಿ., ಆಮೇಲೆ ಡಿ.ಸಿ. 1964ರ ಭೂಕಂದಾಯ ಕಾಯ್ದೆ ಪ್ರಕಾರ, ತಪ್ಪೆಂದು ತೋರಿಸುವ ತನಕ ಪಹಣಿಯಲ್ಲಿ ಇರುವುದೇ ಸರಿ ಅಂತ ನಂಬುತ್ತಾರೆ. ಆದರೆ ಪಹಣಿಯೇ ಹಕ್ಕುಪತ್ರ ಅಲ್ಲ. ಒಡೆತನದ ಜಗಳ ಬಿದ್ದರೆ ತೀರ್ಮಾನ ಸಿವಿಲ್ ಕೋರ್ಟಿನದೇ.

ದಿನದ ಲೆಕ್ಕ

ಬಿತ್ತನೆಗೆ ಹದ ಇದ್ದಂತೆ ಕೋರ್ಟಿಗೂ ಹದ ಉಂಟು. ಮೀರಿದರೆ ಮೊಳೆಯುವುದು ಕಷ್ಟ.

ಸಮನ್ಸ್ ಕೈಗೆ ಬಂದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ತಕ್ಕ ಕಾರಣ ಇದ್ದರೆ ಕೋರ್ಟು 90 ದಿನದ ತನಕ ಬಿಡಬಹುದು. ಸಮನ್ಸ್ ತಗೊಳ್ಳದೇ ಇದ್ದರೆ ಕೇಸು ನಿಲ್ಲುತ್ತದೆ ಅನ್ನುವುದು ಸುಳ್ಳು. ಬಾಗಿಲಿಗೆ ಅಂಟಿಸಿ ಹೋದರೂ ಕೊಟ್ಟಂತೆಯೇ.

ಅನುಭೋಗದಲ್ಲಿರುವ ಹೊಲದಿಂದ ಬಲವಂತವಾಗಿ ಹೊರಹಾಕಿದರೆ 6 ತಿಂಗಳೊಳಗೆ ದಾವೆ ಹಾಕಿ. ಆಗ ಒಡೆತನದ ಪ್ರಶ್ನೆ ಬರುವುದಿಲ್ಲ, ಅನುಭೋಗ ಇತ್ತೆಂದು ತೋರಿಸಿದರೆ ಸಾಕು. ಅದು ಮೀರಿದರೆ ಒಡೆತನವನ್ನೇ ರುಜುವಾತು ಮಾಡಬೇಕು, ಅದಕ್ಕೆ 12 ವರ್ಷದ ಗಡುವು. 'ಅಣ್ಣತಮ್ಮಂದಿರು, ಬಿಡು' ಅಂತ 12 ವರ್ಷ ಸುಮ್ಮನಿದ್ದು ಜಮೀನು ಕಳಕೊಂಡವರಿದ್ದಾರೆ.

ಮೆಟ್ಟಿಲುಗಳು

ದಾವೆ ಶುರುವಾಗುವುದು ಸಾಮಾನ್ಯವಾಗಿ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ. ಸೋತರೆ ಮೇಲಿನ ಕೋರ್ಟಿಗೆ 30 ದಿನದೊಳಗೆ, ಹೈಕೋರ್ಟಿಗೆ ಹೋಗುವುದಾದರೆ 90 ದಿನದೊಳಗೆ ಮೇಲ್ಮನವಿ. ಹೈಕೋರ್ಟು ಬೆಂಗಳೂರಲ್ಲಿದೆ, ಧಾರವಾಡ ಮತ್ತು ಕಲಬುರಗಿಯಲ್ಲೂ 2008ರಿಂದ ಪೀಠಗಳಿವೆ. ಅದಕ್ಕೂ ಮೇಲೆ ದೆಹಲಿಯ ಸುಪ್ರೀಂ ಕೋರ್ಟು.

'ಇಲ್ಲಿ ಹೋದರೆ ಹೋಗಲಿ, ಹೈಕೋರ್ಟಿದೆ' ಅನ್ನುವವರು ಒಂದು ಮಾತು ಕೇಳಿ. ಮೇಲಿನ ಕೋರ್ಟುಗಳು ಸಾಮಾನ್ಯವಾಗಿ ಹೊಸ ಸಾಕ್ಷಿ ತಗೊಳ್ಳುವುದಿಲ್ಲ. ಕೆಳಗೆ ಏನು ಕೊಟ್ಟಿದ್ದೀರೋ ಅದನ್ನೇ ತೂಗಿ ನೋಡುತ್ತವೆ. ಹಾಗಾಗಿ ಕ್ರಯಪತ್ರ, ಹಳೇ ಪಹಣಿ, ಕಂದಾಯದ ರಸೀದಿ, ಎಲ್ಲಾ ಮೊದಲನೇ ಮೆಟ್ಟಿಲಲ್ಲೇ ಕೊಡಬೇಕು.

ದುಡ್ಡಿಲ್ಲದವರಿಗೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಬೇರೆ ಬಡವರಿಗೂ ಆದಾಯದ ಮಿತಿಯೊಳಗೆ ಉಂಟು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ನನ್ನ ಕೇಸು ಏನಾಯ್ತು? ಕೊನೆಗೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿದೆವು. ಮೇಲಿನ ತುದಿಯಲ್ಲಿ ಅವರು ನನ್ನ ಕಡೆ ಬಂದಿದ್ದರು, ಕೆಳಗಿನ ತುದಿಯಲ್ಲಿ ನಾನೇ ಅವರ ಕಡೆ ಹೋಗಿದ್ದೆ! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಲೋಕ ಅದಾಲತ್ತಿನಲ್ಲಿ ರಾಜಿಯಾಯ್ತು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಅಷ್ಟರಲ್ಲಿ ಇಬ್ಬರೂ ಕಳಕೊಂಡ ದುಡ್ಡು ಆ ಬದುವಿನ ಬೆಲೆಗಿಂತ ಹೆಚ್ಚು.

ಮೊದಲು ಅಳತೆ ಮಾಡಿಸಿ, ಆಮೇಲೆ ಜಗಳ ಬೇಕೋ ಬೇಡವೋ ನೋಡಿ. ಕೋರ್ಟಿನ ಕಾಗದ ಬಂದರೆ ಮಾತ್ರ, ಎಂಥ ಹದವೇ ಇರಲಿ, ಒಂದು ದಿನ ಬಿತ್ತನೆ ಬಿಟ್ಟು ವಕೀಲರ ಹತ್ತಿರ ಹೋಗಿ.