ಮೋಟಾರಿನ ಮುಂಗಾಜೂ ಅದರ ಕಲೆಗಳೂ

ಮೋಟಾರು ಗಾಡಿಯನ್ನುಳ್ಳ ನಮ್ಮ ನಗರವಾಸಿಗಳು ಅದರ ಮೈಬಣ್ಣಕ್ಕೆ ತೋರುವ ಅಕ್ಕರೆಯಲ್ಲಿ ಕಾಲುಪಾಲನ್ನಾದರೂ ಅದರ ಮುಂದಿನ ಗಾಜಿಗೆ ತೋರುವುದು ಅಪರೂಪ. ಬಣ್ಣವು ಪರರು ನೋಡಲೆಂದು ಇರತಕ್ಕದ್ದು. ಗಾಜಾದರೋ ನಾವು ನೋಡಲೆಂದು ಇರತಕ್ಕದ್ದು. ಈ ಗಾಜಿನ ಮೇಲೆ ಪಟ್ಟುಹಿಡಿದು ಕೂರುವ ಕಲೆಗಳನ್ನು ಗಾಜಿಗೂ ನಮಗೂ ಹಾನಿಯಿಲ್ಲದಂತೆ ತೆಗೆಯುವ ಬಗೆ ಹೇಗೆಂಬುದೇ ಈ ಹೊತ್ತಿನ ವಿಷಯ.

ನಾವೇ ಮಾಡಿದ ಒಂದು ಅವಿವೇಕವನ್ನು ಮೊದಲು ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ನಮ್ಮ ಕಾರು ಒಂದು ಮಳೆಮರದ ಕೆಳಗೆ ವಾರವಿಡೀ ನಿಂತಿತ್ತು. ಆ ಮರದ ರಸ ಹೀರುವ ಕೀಟಗಳು ಸುರಿಸಿದ ಅಂಟು ಗಾಜಿನ ಮೇಲೆ ಒಣಗಿ, ಅದರ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ನಾವು ಪಾತ್ರೆ ಬೆಳಗುವ ಪುಡಿಯನ್ನೂ ತಂತಿಯ ಉಜ್ಜುಗವನ್ನೂ ತಂದು ತೋಳು ನೋಯುವವರೆಗೆ ಉಜ್ಜಿದೆವು. ಕಲೆ ಹೋಯಿತು, ಹಗಲಿನಲ್ಲಿ ಗಾಜು ನಿರ್ಮಲವಾಗಿಯೇ ಕಂಡಿತು. ಅದೇ ವಾರ ರಾತ್ರಿ ಪಾಂಡವಪುರದ ಕಡೆಯಿಂದ ಮೈಸೂರಿಗೆ ಹಿಂದಿರುಗುತ್ತಿದ್ದಾಗ, ಎದುರಿನ ಲಾರಿಯ ದೀಪ ಬಿದ್ದೊಡನೆಯೇ ಗಾಜೆಲ್ಲವೂ ಜೇಡರಬಲೆಯಂತೆ ಹೊಳೆಯಿತು. ಆ ಹೊಳಪಿನ ಆಚೆ, ದೀಪವಿಲ್ಲದೆ ಸಾಗುತ್ತಿದ್ದ ಕಬ್ಬಿನ ಎತ್ತಿನ ಗಾಡಿಯೊಂದು ನಮ್ಮ ಕಣ್ಣಿಗೆ ಬಿದ್ದಾಗ ಅದು ಕೆಲವೇ ಮಾರುಗಳ ದೂರದಲ್ಲಿತ್ತು. ಬ್ರೇಕು ಹಿಡಿಯಿತು, ಕಬ್ಬಿನ ತುದಿಗಳು ಬಾನೆಟ್ಟನ್ನು ಸವರಿ ನಿಂತವು. ಗಾಡಿಯ ಹಿಂದೆ ನಡೆದು ಬರುತ್ತಿದ್ದ ಹುಡುಗನೊಬ್ಬನು ಪಕ್ಕಕ್ಕೆ ನೆಗೆದಿದ್ದನೆಂಬುದು ಆಮೇಲೆ ತಿಳಿಯಿತು.

ಹಗಲು ಕಾಣದ ಗೀರುಗಳು ಇರುಳು ಕಾಣುವುದೇಕೆ? ನಯವಾದ ಗಾಜು ಬೆಳಕನ್ನು ನೇರವಾಗಿ ಬಿಟ್ಟುಕೊಡುವುದು. ಗೀರಿನ ಅಂಚು ಅದನ್ನು ನಾನಾ ಕಡೆಗೆ ಚೆದರಿಸುವುದು. ಹಗಲಿನಲ್ಲಿ ಸುತ್ತಲೂ ಬೆಳಕಿರುವುದರಿಂದ ಈ ಚೆದರಿಕೆಯು ಲೆಕ್ಕಕ್ಕೆ ಬಾರದು. ಇರುಳಿನಲ್ಲಿ ಕತ್ತಲೆಯ ಹಿನ್ನೆಲೆಯ ಮೇಲೆ ಒಂದೇ ಪ್ರಖರವಾದ ದೀಪವಿರುವಾಗ ಚೆದರಿದ ಬೆಳಕೇ ಕಣ್ಣನ್ನು ತುಂಬಿ, ಮಂದವಾದ ವಸ್ತುಗಳನ್ನು ಮುಚ್ಚಿಬಿಡುವುದು. ಮುಳುಗುವ ಸೂರ್ಯನಿಗೆ ಎದುರಾಗಿ ಓಡಿಸುವಾಗಲೂ ಇದೇ ಗತಿ.

ಗಾಜು ಬಹು ಗಡಸೆಂದು ನಾವೆಲ್ಲರೂ ನಂಬಿರುವೆವು. ಖನಿಜಗಳ ಗಡಸನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5, ಮರಳಿನ ಮುಖ್ಯಾಂಶವಾದ ಬೆಣಚಿನ ಸ್ಥಾನ 7. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚಿನ ಕಣಗಳು ಬೇಕಾದಷ್ಟಿವೆ. ಆದುದರಿಂದ ಬೆಳಗ್ಗೆ ಒಣಬಟ್ಟೆಯಿಂದ ಗಾಜನ್ನು ಒರಸುವ ವಾಡಿಕೆಯು ಉಜ್ಜುಕಾಗದದಿಂದ ಉಜ್ಜಿದಂತೆಯೇ ಸರಿ. ಯಾವ ಕಲೆಯಾದರೂ ಆಗಲಿ, ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಹರಿಯಬಿಟ್ಟು ಆಮೇಲೆ ಕೈಯಿಡತಕ್ಕದ್ದು. ಆದರೆ ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರನ್ನೆರಚಕೂಡದು. ಚಳಿಯ ಬೆಳಗಿನಲ್ಲಿ ಕುದಿನೀರನ್ನೂ ಹಾಕಕೂಡದು. ಮುಂಗಾಜು ಒಂದೇ ಹಲಗೆಯಲ್ಲ. ಎರಡು ಗಾಜುಗಳ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಪೊರೆಯೊಂದನ್ನಿಟ್ಟು ಬೆಸೆದುದು. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬ ರಸಾಯನಜ್ಞರು, ಕೆಳಗೆ ಬಿದ್ದ ಗಾಜಿನ ಕುಪ್ಪಿಯೊಂದು ಬಿರಿದರೂ ಒಳಗಂಟಿದ್ದ ಪೊರೆಯ ದೆಸೆಯಿಂದ ಚೂರುಚೂರಾಗಿ ಚೆದರದಿದ್ದುದನ್ನು ಕಂಡು ಈ ಬಗೆಯ ಗಾಜನ್ನು ಕಲ್ಪಿಸಿದರೆಂಬುದು ಪ್ರಸಿದ್ಧವಾದ ಕಥೆ. ಇದು ಪಕ್ಕದ ಕಿಟಕಿಗಳಂತೆ ಹದಗೊಳಿಸಿದ ಗಾಜಲ್ಲವಾದ್ದರಿಂದ, ಕಲ್ಲು ಸಿಡಿದು ಸಣ್ಣ ಚಕ್ಕೆಯೆದ್ದಿದ್ದರೆ ಹಠಾತ್ತಾದ ಶೀತೋಷ್ಣದಿಂದ ಅಲ್ಲಿಂದಲೇ ಬಿರುಕು ಹರಿಯುವುದುಂಟು.

ಕಲೆಗಳಲ್ಲೆಲ್ಲಾ ಹಟಮಾರಿಯಾದುದು ನೀರಿನ ಕಲೆ. ಬೆಂಗಳೂರಿನ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕಾರು ತೊಳೆದು ಬಿಸಿಲಿನಲ್ಲಿ ಬಿಟ್ಟವರಿಗೆ ಇದರ ಪರಿಚಯವುಂಟು. ನೀರು ಆವಿಯಾಗಿ ಹೋಗುವುದು. ಅದರೊಳಗಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರವಾಗಿ ಉಳಿಯುವುವು. ಬಚ್ಚಲ ಹಂಡೆಯೊಳಗೆ ಕಟ್ಟುವ ಸುಣ್ಣದ ಪೊರೆಯೂ ಇದೇ ಜಾತಿಯದು. ಹುಣಿಸೆಹಣ್ಣು ಹಾಕಿ ತಿಕ್ಕುವ ನಮ್ಮ ತಾಯಂದಿರಿಗೆ ರಸಾಯನಶಾಸ್ತ್ರದ ಹೆಸರು ತಿಳಿಯದಿದ್ದರೂ ಕೆಲಸ ತಿಳಿದಿತ್ತು. ಇದಕ್ಕೆ ಸೋಪು ಏನೂ ಮಾಡದು, ಆಮ್ಲ ಬೇಕು. ಗಾಜಿಗೆ ಹುಣಿಸೆಯ ನಾರು ಬೇಡ. ಬಿಳಿಯ ವಿನೆಗರಿಗೆ ಸಮಪಾಲು ನೀರು ಬೆರಸಿ, ಅಥವಾ ಸೋಸಿದ ನಿಂಬೆಯ ರಸದಿಂದ, ಮೆತ್ತನೆಯ ಬಟ್ಟೆಯನ್ನು ತೋಯಿಸಿ ಕಲೆಯ ಮೇಲೆ ಹತ್ತು ನಿಮಿಷ ಹಾಸಬೇಕು. ಕಾರ್ಬೊನೇಟು ಕರಗಿ ಅಂಗಾರಾಮ್ಲವಾಯುವು ಹೊರಡುವುದು; ಒರಸಿದರೆ ಕಲೆ ಬರುವುದು. ಬಾರದಿದ್ದರೆ ಮತ್ತೆ ಹಾಸಬೇಕೇ ಹೊರತು ಬಲವಾಗಿ ಉಜ್ಜಬಾರದು. ಬಾನೆಟ್ಟಿನ ಮೇಲೆ ಒದ್ದೆಬಟ್ಟೆ ಮುಚ್ಚಿದ್ದು, ಕಡೆಯಲ್ಲಿ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸತಕ್ಕದ್ದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ವಿನೆಗರಿನೊಡನೆ ಬ್ಲೀಚಿಂಗ್ ಪುಡಿಯನ್ನೋ ದ್ರವವನ್ನೋ ಎಂದಿಗೂ ಬೆರಸಕೂಡದು. ಅದರಿಂದ ಕ್ಲೋರಿನ್ ಎಂಬ ವಿಷವಾಯು ಹೊರಡುವುದು. ಎರಡನೆಯದಾಗಿ, ಕಲೆ ತೆಗೆಯಲೆಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೊಫ್ಲೋರಿಕ್ ಆಮ್ಲ ಅಥವಾ ಅದರ ಲವಣಗಳಿರುವುದುಂಟು. ಇದು ಗಾಜನ್ನೇ ಕರಗಿಸಬಲ್ಲುದು. ಚರ್ಮಕ್ಕೆ ತಾಕಿದರೆ ಆ ಹೊತ್ತಿಗೆ ಉರಿಯದೆಯೇ ಒಳಗಿಳಿದು ಮೂಳೆಯವರೆಗೆ ಕೆಡಿಸಬಲ್ಲುದು. ಸೀಸೆಯ ಮೇಲಿನ ಸಣ್ಣಕ್ಷರವನ್ನು ಓದದೆ ಕೈಹಾಕುವುದು ಸಾಹಸವಲ್ಲ, ಮೌಢ್ಯ.

ಮರದ ಅಂಟಿಗೆ ಔಷಧದಂಗಡಿಯ ಸ್ಪಿರಿಟ್ಟೇ ಸಾಕು. ನಾಲ್ಕು ಹನಿ ಹಾಕಿ ಕಾದರೆ ಮೆತ್ತಗಾಗುವುದು. ಹಕ್ಕಿಯ ಹಿಕ್ಕೆಯನ್ನೂ ಸತ್ತ ಹುಳುಗಳನ್ನೂ ಬಿಸುಪಾದ ಸೋಪಿನ ನೀರಿನ ಬಟ್ಟೆ ಹಾಸಿ ನೆನೆಸಿದರಾಯಿತು. ಡಾಂಬರಿನ ಚುಕ್ಕೆಗೆ ಸೀಮೆಎಣ್ಣೆ ತಾಕಿಸಿದ ಚಿಂದಿ. ಬೆಂಕಿಯೂ ಬಿಸಿಯಾದ ಎಂಜಿನ್ನೂ ದೂರವಿರಲಿ, ರಬ್ಬರಿಗೆ ತಾಕದಿರಲಿ.

ಆಯುಧಪೂಜೆಯ ಮಾತು ಬೇರೆ. ಅರಿಸಿನ ಕುಂಕುಮಗಳು ಗಾಜಿನೊಳಕ್ಕೆ ಇಳಿಯಲಾರವು, ಅದಕ್ಕೆ ರಂಧ್ರಗಳಿಲ್ಲ; ನೀರೂ ಸೋಪೂ ಸಾಕು. ಕೆಡುವುದು ವೈಪರಿನ ರಬ್ಬರು. ಪೂಜೆಯ ಮರುದಿನ ಪುಡಿಯ ಮೇಲೆಯೇ ವೈಪರನ್ನು ಓಡಿಸಿ, ಗಾಜಿನ ಮೇಲೆ ಕೆಂಪು ಕಾಮನಬಿಲ್ಲು ಬರೆಸಿಕೊಂಡ ಮಿತ್ರರು ನಮಗಿದ್ದಾರೆ. ದೇವರಿಗೆ ಭಕ್ತಿ ಸಲ್ಲಲು ಬಾನೆಟ್ಟಿನ ಮೇಲೊಂದು ಬೊಟ್ಟು ಸಾಲದೆ ಎಂದು ಕೇಳಿದರೆ ಅವರು ಒಪ್ಪರು.

ಹಳೆಯ ಚೀಟಿಗಳ ಗೋಂದು ಇನ್ನೊಂದು ಪೀಡೆ. 2021ರ ಫೆಬ್ರವರಿಯಿಂದ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯು ಕಿತ್ತರೆ ಹರಿಯುವಂತೆಯೇ ಮಾಡಿದುದು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನೊತ್ತಿ, ಹೊಸ ಕ್ಷೌರದ ಅಲಗನ್ನು ಹಿಡಿಯಲ್ಲಿಟ್ಟು, ಸೋಪುನೀರಿನಿಂದ ಒದ್ದೆಯಾದ ಗಾಜಿನ ಮೇಲೆ ಓರೆಯಾಗಿ ಒಂದೇ ದಿಕ್ಕಿಗೆ ತಳ್ಳಬೇಕು. ಹಿಂದಕ್ಕೆಳೆದರೆ ಅಲಗಿನಡಿ ಸಿಕ್ಕಿದ ಕಣವು ಗೀರುವುದು. ಉಳಿದ ಗೋಂದಿಗೆ ಕೊಬ್ಬರಿಯೆಣ್ಣೆ ಹಚ್ಚಿ, ಎಣ್ಣೆಯನ್ನು ಸೋಪಿನಿಂದ ತೆಗೆಯಬಹುದು. ಬಣ್ಣದ ಪೊರೆ ಅಂಟಿಸಿದ ಗಾಜಿಗೂ, ಕಾಯಿಸುವ ತಂತಿಗೆರೆಗಳಿರುವ ಹಿಂದಿನ ಗಾಜಿನ ಒಳಮೈಗೂ ಅಲಗನ್ನು ಸೋಕಿಸಕೂಡದು.

ಇಷ್ಟಾದರೂ ಹೋಗದ ಗುರುತನ್ನು ಉಗುರಿನಿಂದ ಮೆಲ್ಲಗೆ ಗೀಚಿ ನೋಡುವುದು. ಉಗುರು ಸಿಕ್ಕಿಕೊಂಡರೆ ಅದು ಕಲೆಯಲ್ಲ, ಗಾಜಿನ ಗಾಯ. ಸೀರಿಯಂ ಆಕ್ಸೈಡಿನ ಪುಡಿಯಿಂದ ತೇಯ್ದು ತೀರ ತೆಳುವಾದ ಗೀರನ್ನು ತಗ್ಗಿಸಬಹುದಾದರೂ, ಗಾಜು ಒಂದೆಡೆ ಹೆಚ್ಚು ತೇಯ್ದರೆ ಕಾಣುವ ರಸ್ತೆಯೇ ಸೊಟ್ಟಗಾಗುವುದು. ಚಾಲಕನ ಕಣ್ಣಿನ ನೇರದಲ್ಲಿ ಈ ಪ್ರಯೋಗ ತರವಲ್ಲ. ನಮ್ಮ ಮುಂಗಾಜನ್ನು ಕಡೆಗೆ ಬದಲಾಯಿಸಲೇಬೇಕಾಯಿತು. ತೆಗೆದ ಗಾಜು ಈಗ ಕಾಲೇಜಿನ ಕತ್ತಲೆಕೋಣೆಯಲ್ಲಿದೆ. ವರ್ಷಕ್ಕೊಮ್ಮೆ ಅದರ ಹಿಂದೆ ದೀಪ ಹಿಡಿದು ವಿದ್ಯಾರ್ಥಿಗಳಿಗೆ ಬೆಳಕಿನ ಚೆದರಿಕೆಯನ್ನು ತೋರಿಸುತ್ತಿದ್ದೇವೆ.