ಬಾಲದ ತುದಿಯ ಕಪ್ಪು

ಮುಂಗುಸಿಗಿಂತ ಚಿಕ್ಕದು. ಗೇಣಿಗಿಂತ ತುಸು ಉದ್ದದ ಸಪೂರ ಮೈ, ಗಿಡ್ಡ ಕಾಲು. ತನಗಿಂತ ಹಲವು ಪಟ್ಟು ತೂಕದ ಮೊಲದ ಕತ್ತಿಗೇ ಬಾಯಿ ಹಾಕುವ ಎದೆಗಾರಿಕೆ. ಯುರೋಪ್, ಉತ್ತರ ಏಷ್ಯಾ, ಉತ್ತರ ಅಮೆರಿಕದ ಚಳಿನಾಡುಗಳಲ್ಲೂ ನಮ್ಮ ಲಡಾಖ್‌ನಲ್ಲೂ ಬಾಳುವ ಈ ಪ್ರಾಣಿಯೇ ಸ್ಟೋಟ್. ತುಂಗಭದ್ರೆಯ ನೀರುನಾಯಿಯೂ ಇದೂ ಒಂದೇ ಕುಟುಂಬಕ್ಕೆ ಸೇರಿದವು.

ಬೇಸಿಗೆಯಲ್ಲಿ ಇದರ ಬೆನ್ನು ಕಂದು, ಹೊಟ್ಟೆ ಕೆನೆಬಣ್ಣ. ಚಳಿಗಾಲಕ್ಕೆ ಮುನ್ನ ಹಳೆಯ ಕೂದಲು ಉದುರಿ, ಹೊಟ್ಟೆಯ ಕಡೆಯಿಂದ ಬೆನ್ನಿನತ್ತ ಬಿಳಿ ಕೂದಲು ಹುಟ್ಟುತ್ತಾ ಬರುತ್ತದೆ. ವಸಂತದಲ್ಲಿ ಇದು ತಿರುವುಮುರುವು: ಮೊದಲು ತಲೆ, ಬೆನ್ನು ಕಂದಾಗಿ ಬಣ್ಣ ಕೆಳಗಿಳಿಯುತ್ತದೆ.

ಈ ಬದಲಾವಣೆಗೆ ಸೂಚನೆ ಕೊಡುವುದು ಹಿಮವಲ್ಲ, ಹಗಲಿನ ಅಳತೆ. ಇರುಳು ಉದ್ದವಾದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸುತ್ತದೆ. ಅದರ ಪರಿಣಾಮವಾಗಿ ಹೊಸ ಕೂದಲು ಬಣ್ಣವಿಲ್ಲದೆ ಹುಟ್ಟುತ್ತದೆ. ವಂಶಗುಣ ಮತ್ತು ಚಳಿಯ ಪಾತ್ರವೂ ಉಂಟು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಪೂರ್ತಿ ಬಿಳಿಯಾಗುವ ಸ್ಟೋಟ್, ದಕ್ಷಿಣ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಕಂದಾಗಿಯೇ ಉಳಿಯುತ್ತದೆ.

ಎಲ್ಲ ಕಾಲಕ್ಕೂ ಬದಲಾಗದ್ದು ಬಾಲದ ತುದಿಯ ಕಪ್ಪು. ಹಿಮದ ಮೇಲೆ ಎದ್ದು ಕಾಣುವ ಈ ಕಪ್ಪು ಏಕೆ? ಅಮೆರಿಕದ ವಿಜ್ಞಾನಿ ರೋಜರ್ ಪೊವೆಲ್ ಪಳಗಿಸಿದ ಗಿಡುಗಗಳ ಮುಂದೆ ಇದೇ ಆಕಾರದ ಬೊಂಬೆಗಳನ್ನು ಓಡಿಸಿ ನೋಡಿ, 1982ರಲ್ಲಿ ಉತ್ತರ ಪ್ರಕಟಿಸಿದರು. ಗಿಡುಗಗಳು ಬಾಲದ ಕಪ್ಪಿಗೆ ಮರುಳಾಗಿ ಮೈಯ ಗುರಿ ತಪ್ಪಿದ್ದವು.

ಗಿಡುಗನಿಂದ ಉಳಿಸಿದ ಕಪ್ಪು ಮನುಷ್ಯನಿಂದ ಉಳಿಸಲಿಲ್ಲ. ಅರ್ಮಿನ್ ಎಂದು ಹೆಸರಾದ ಇದರ ಬಿಳಿ ತುಪ್ಪಳ ಯುರೋಪಿನ ರಾಜರ ನಿಲುವಂಗಿಗೆ ಅಂಚಾಯಿತು. ಅಸಲಿ ಅರ್ಮಿನ್ ನಿಲುವಂಗಿಯ ಬಿಳಿಯಲ್ಲಿ ಸಾಲಾಗಿ ಕಾಣುವ ಒಂದೊಂದು ಕಪ್ಪು ಚುಕ್ಕೆಯೂ ಒಂದೊಂದು ಸ್ಟೋಟ್‌ನ ಬಾಲ.

ಈಗಿನ ಅಪಾಯ ಬೇರೆ. ಭೂಮಿ ಬಿಸಿಯೇರಿ ಹಿಮ ತಡವಾಗಿ ಬಿದ್ದು ಬೇಗ ಕರಗುತ್ತಿದೆ. ಹಗಲಿನ ಅಳತೆ ಮಾತ್ರ ಮೊದಲಿನಂತೆಯೇ ಇದೆ. ಹಾಗಾಗಿ ಕಂದು ನೆಲದ ಮೇಲೆ ಬಿಳಿ ಮೈ ದೂರಕ್ಕೇ ಕಾಣುತ್ತದೆ. ಪೋಲೆಂಡಿನ ಬಿಯಾವೊವಿಯೆಜಾ ಕಾಡಿನಲ್ಲಿ ಹಿಮದ ದಿನಗಳು ಕಡಿಮೆಯಾದಂತೆ, ಸ್ಟೋಟ್‌ನ ಹತ್ತಿರದ ನಂಟನಾದ ಪುಟ್ಟ ವೀಸೆಲ್‌ಗಳಲ್ಲಿ ಬಿಳಿಯಾಗುವವುಗಳ ಪಾಲು ಇಳಿದಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಮೈಬಣ್ಣ ಬದಲಿಸುವ ಹೊತ್ತನ್ನು ಈ ಜೀವಿ ತಪ್ಪಿಸಿಲ್ಲ. ಹಿಮವನ್ನು ಕರಗಿಸುತ್ತಿರುವ ಹೊಗೆ ನಮ್ಮದು. ಅದನ್ನು ತಗ್ಗಿಸುವ ಹೊಣೆಯೂ ನಮ್ಮದೇ.