ಅಣ್ಣತಮ್ಮಂದಿರ ಜಗಳ, ಅನ್ಯರ ಆಯುಧ

ಚೀನಾ, ಮ್ಯಾನ್ಮಾರ್, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂಗಳ ನಡುವೆ, ಕಡಲನ್ನೇ ಕಾಣದೆ ಹುದುಗಿರುವ ಪುಟ್ಟ ನಾಡು ಲಾವೋಸ್. 14ನೆಯ ಶತಮಾನದಲ್ಲಿ ಇಲ್ಲಿ ತಲೆಯೆತ್ತಿದ ರಾಜ್ಯಕ್ಕೆ ‘ಹತ್ತು ಲಕ್ಷ ಆನೆಗಳ ನಾಡು’ ಎಂಬ ಹೆಸರಿತ್ತು. 1893ರಲ್ಲಿ ಫ್ರೆಂಚರ ಅಧೀನವಾದ ಈ ದೇಶ ಸ್ವತಂತ್ರವಾದುದು 1953ರಲ್ಲಿ.

ಸ್ವಾತಂತ್ರ್ಯ ಬಂದಿತು, ನೆಮ್ಮದಿ ಬರಲಿಲ್ಲ. ಒಂದೇ ರಾಜಮನೆತನದ ಇಬ್ಬರು ಕುಮಾರರು ಎದುರುಬದುರಾಗಿ ನಿಂತಿದ್ದರು. ಹಿರಿಯರಾದ ಸುವನ್ನ ಫೂಮ ತಟಸ್ಥನೀತಿಯ ಪ್ರತಿಪಾದಕರು. ಅವರ ಮಲತಮ್ಮ ಸುಫನುವಾಂಗ್ ಎಡಪಂಥೀಯ ಪಥೇಟ್ ಲಾವೋ ದಳದ ನಾಯಕರು. ತಂದೆ ಒಬ್ಬರೇ, ತಾಯಂದಿರು ಬೇರೆ. ಇಬ್ಬರೂ ಫ್ರಾನ್ಸಿನಲ್ಲಿ ಎಂಜಿನಿಯರಿಂಗ್ ಕಲಿತವರು.

1954ರ ಜಿನೀವಾ ಒಪ್ಪಂದ ಶಾಂತಿಯ ಆಸೆ ಹುಟ್ಟಿಸಿತು. ಅದರ ಪಾಲನೆಯನ್ನು ನೋಡಿಕೊಳ್ಳಲು ಭಾರತದ ಅಧ್ಯಕ್ಷತೆಯಲ್ಲಿ, ಕೆನಡಾ ಮತ್ತು ಪೋಲೆಂಡುಗಳನ್ನೊಳಗೊಂಡ ಆಯೋಗವೊಂದು ನೇಮಕವಾಯಿತು. 1957ರಲ್ಲಿ ಸೋದರರು ಒಂದೇ ಮಂತ್ರಿಮಂಡಲದಲ್ಲಿ ಕುಳಿತರು. ಮರುವರ್ಷದ ಚುನಾವಣೆಯಲ್ಲಿ ಎಡಪಕ್ಷ ಮೇಲುಗೈ ಪಡೆಯಿತು, ಅಮೆರಿಕ ತನ್ನ ನೆರವನ್ನು ತಡೆಹಿಡಿಯಿತು, ಮಂತ್ರಿಮಂಡಲ ಉರುಳಿತು. 1960ರ ಕೊನೆಗೆ ರಾಜಧಾನಿ ವಿಯೆಂಟಿಯಾನಿನ ಬೀದಿಗಳಲ್ಲೇ ಫಿರಂಗಿಗಳು ಗರ್ಜಿಸಿದವು. ಒಂದು ಪಕ್ಷಕ್ಕೆ ರಷ್ಯದ ವಿಮಾನಗಳಲ್ಲಿ ಸಾಮಗ್ರಿ ಬಂದರೆ, ಇನ್ನೊಂದಕ್ಕೆ ಅಮೆರಿಕದ ಹಣ, ಅಮೆರಿಕದ ಬಂದೂಕು.

1962ರ ಜುಲೈ 23ರಂದು 14 ರಾಷ್ಟ್ರಗಳು ಲಾವೋಸಿನ ತಾಟಸ್ಥ್ಯವನ್ನು ಗೌರವಿಸುವುದಾಗಿ ಮತ್ತೆ ಜಿನೀವಾದಲ್ಲಿ ಸಹಿ ಹಾಕಿದವು. ಸಹಿ ಹಾಕಿದವರೇ ಮಾತಿಗೆ ತಪ್ಪಿದರು. ಉತ್ತರ ವಿಯೆಟ್ನಾಂ ತನ್ನ ಸೈನ್ಯವನ್ನು ಪೂರ್ತಿಯಾಗಿ ಹಿಂತೆಗೆಯದೆ, ಲಾವೋಸಿನ ಪೂರ್ವದ ಕಾಡುಗಳನ್ನೇ ತನ್ನ ಯುದ್ಧದ ಹಾದಿಯನ್ನಾಗಿ ಮಾಡಿಕೊಂಡಿತು. ಅಮೆರಿಕ ಗುಟ್ಟಾಗಿ ಬೆಟ್ಟದ ಜನರ ಕೈಗೆ ಆಯುಧವಿತ್ತಿತು. 1964ರಿಂದ 1973ರವರೆಗೆ 20 ಲಕ್ಷ ಟನ್ನುಗಳಿಗೂ ಮಿಗಿಲಾಗಿ ಬಾಂಬು ಸುರಿಸಿತು. ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಲ್ಲದೆ ಮತ್ತೇನು?

1975ರಲ್ಲಿ ಅರಸೊತ್ತಿಗೆ ಕೊನೆಗೊಂಡಿತು. ತಮ್ಮ ರಾಷ್ಟ್ರಾಧ್ಯಕ್ಷರಾದರು, ಅಣ್ಣ ಅದೇ ಸರಕಾರಕ್ಕೆ ಸಲಹೆಗಾರರಾದರು. ಮನೆಯ ಜಗಳ ಹೇಗೋ ಮುಗಿಯಿತು. ಆದರೆ ಮನೆಯೊಳಕ್ಕೆ ಬಂದ ಹೊರಗಿನವರ ಆಯುಧಗಳು ಅಲ್ಲಿಯೇ ಉಳಿದವು. ಬಿದ್ದ ಸುಮಾರು 27 ಕೋಟಿ ಚಿಕ್ಕ ಬಾಂಬುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಸಿಡಿಯಲೇ ಇಲ್ಲ ಎಂದು ಅಂದಾಜು. ಚೆಂಡಿನಂತಿರುವ ಅವುಗಳನ್ನು ಮಕ್ಕಳು ಆಟಿಕೆಯೆಂದು ಎತ್ತಿಕೊಂಡು ಪ್ರಾಣ ತೆತ್ತಿದ್ದಾರೆ.

2016ರಲ್ಲಿ ಲಾವೋಸಿಗೆ ಭೇಟಿಯಿತ್ತ ಅಮೆರಿಕದ ಮೊದಲ ಅಧ್ಯಕ್ಷ ಒಬಾಮ, ಬಾಂಬು ತೆಗೆಯುವ ಕೆಲಸಕ್ಕೆ 9 ಕೋಟಿ ಡಾಲರುಗಳ ನೆರವನ್ನು ಘೋಷಿಸಿದರು. ಜಗಳವಾಡಿದ ಸೋದರರಿಬ್ಬರೂ ಕಣ್ಮರೆಯಾಗಿದ್ದಾರೆ. ಗದ್ದೆಗೆ ಗುದ್ದಲಿಯಿಕ್ಕುವ ಲಾವೋಸಿನ ರೈತನ ಕೈ ಮಾತ್ರ ಇಂದಿಗೂ ಅಳುಕುತ್ತದೆ.